ಎರಡು ನಲವತ್ತರ ಗಿರಾಕಿ

ಒಂದಗುಳು ಹಿಚುಕಿ
ಇಡೀ ಪಾತ್ರೆಯ ಅನ್ನ ಬೆಂದಿತೆನ್ನುವ ಹಾಗೆ
ಇಲ್ಲಿಗೆ ಬರುವವರು ಮೊದಲು ಕಕ್ಕಸಿಗೆ ಹೋಗುತ್ತಾರೆ.
ಕಾಗದ ಉಂಟೆ, ಚಿಲಕ ಬೀಳುತ್ತದೆಯೆ,
ನೆಲಕ್ಕೆ ಬೂಟು ಅಂಟುತ್ತದೆಯೆ.
ಉಳಿದದ್ದೆಲ್ಲ, ಕಾಫಿ, ಸಿಗರೇಟು, ಎಂಜಿನ್ ಎಣ್ಣೆ,
ಗಾಜಿನ ಪೆಟ್ಟಿಗೆಯೊಳಗೆ ಉರುಳುತ್ತಲೇ ಇರುವ ಸಾಸೇಜು,
ಆಮೇಲಿನ ಮಾತು.

ನೆಬ್ರಾಸ್ಕಾ. ಆಚೆ ಹತ್ತೊಂಬತ್ತು ಮೈಲಿ, ಈಚೆ ಇಪ್ಪತ್ತಾರು,
ನಡುವೆ ಇದೊಂದೇ ದೀಪ.
ಪೆಟ್ರೋಲ್ ಬಂಕಿನ ಅಂಗಡಿ. ಲವಾನ್ ಕುಚೇರಾಳ ರಾತ್ರಿ ಪಾಳಿ.
ಹದಿನಾಲ್ಕು ವರ್ಷ. ಎಡ ಮಂಡಿ ಈಚೆಗೆ ಮಾತು ಕೇಳುವುದಿಲ್ಲ.

ಕಕ್ಕಸಿನ ಬಾಗಿಲ ಪಕ್ಕ, ಎದೆಯೆತ್ತರಕ್ಕೆ, ಒಂದು ಕಂಬ ನೆಟ್ಟಿದ್ದಾರೆ.
ಕಂಬಕ್ಕೆ ಮೂರು ಮುಖ:
ನಗುವ ಹಸಿರು, ಸುಮ್ಮನಿರುವ ಹಳದಿ, ಮುನಿದ ಕೆಂಪು.
ಇಂದು ನಮ್ಮ ಸೇವೆ ಹೇಗಿತ್ತು?
ಒಂದು ಬೆರಳು ಸಾಕು. ಹೆಸರು ಕೇಳುವುದಿಲ್ಲ.

ದನದ ಲಾರಿಯ ಓರ್ವಿಲ್ ಟೆಸ್ಮರ್ ತಪ್ಪದೆ ಕೆಂಪು ಒತ್ತುತ್ತಾನೆ,
ಎಂದೋ ಕಾಫಿಗೆ ಹತ್ತು ಸೆಂಟು ಏರಿಸಿದ್ದಕ್ಕೆ.
ಒತ್ತಿ, ಲವಾನಳ ಮೊಮ್ಮಗಳ ಕಿವಿಯ ಆಪರೇಷನ್ ಏನಾಯಿತೆಂದು ವಿಚಾರಿಸಿ,
ಚಿಲ್ಲರೆಯನ್ನು ಡಬ್ಬಿಗೆ ಹಾಕಿ ಹೋಗುತ್ತಾನೆ.
ಬೇಸಗೆ ರಜೆಯ ಮಕ್ಕಳು ಮೂರನ್ನೂ
ಹಾರ್ಮೋನಿಯಂ ಬಾರಿಸಿದ ಹಾಗೆ ಬಾರಿಸುತ್ತಾರೆ.
ಡೆನ್ವರ್ ಕಡೆಯ ಕಾರಿನಿಂದ ಇಳಿದ ಹೆಂಗಸೊಬ್ಬಳು
ಹಸಿರಿನ ತನಕ ಬೆರಳು ಒಯ್ದು
ಗಂಡನ ಮುಖ ನೋಡಿ
ಹಳದಿಗೆ ಇಳಿದಳು.
ಅದು ಯಾರಿಗೆ ಕೊಟ್ಟ ಅಂಕ?

ಅಬ್ಶಿರ್ ವಾರ್ಸಾಮೆಯ ವ್ಯಾನು ಬರುವುದು ನಾಲ್ಕೂವರೆಗೆ,
ಮಾಂಸದ ಕಾರ್ಖಾನೆಯ ಮೊದಲ ಪಾಳಿಗೆ ಮುಂಚೆ.
ಕಳೆದ ಚಳಿಗಾಲದಲ್ಲಿ ಒಂದು ದಿನ ಕೌಂಟರಿಗೆ ಬಂದು, ದನಿ ತಗ್ಗಿಸಿ,
ಖಾಲಿ ಬಾಟಲಿ ಇದೆಯೇ ಎಂದು ಕೇಳಿದ.
ಯಾಕೆಂದು ಅವಳಿಗೆ ತಿಳಿಯಲಿಲ್ಲ. ತಿಳಿದಾಗ ಕಿವಿ ಕೆಂಪಾಯಿತು.
ಮಾರನೆಯ ರಾತ್ರಿ ಮನೆಯಿಂದ
ಗಿಡಕ್ಕೆ ನೀರೆರೆಯುವ ಉದ್ದ ಮೂತಿಯ ಪ್ಲಾಸ್ಟಿಕ್ ಝಾರಿ ತಂದು
ಕಕ್ಕಸಿನ ಮೂಲೆಯಲ್ಲಿಟ್ಟಳು.
(ನಮ್ಮಲ್ಲಿ ಅದಕ್ಕೆ ಚೊಂಬು. ಲೋಕದ ಅರ್ಧ ಜನಕ್ಕೆ ವಿವರಿಸಬೇಕಿಲ್ಲ,
ಉಳಿದರ್ಧಕ್ಕೆ ವಿವರಿಸಿ ಫಲವಿಲ್ಲ.)
ಅಬ್ಶಿರ್ ಏನೂ ಹೇಳಲಿಲ್ಲ.
ವ್ಯಾನಿನ ಆರೂ ಜನ ಸಾಲಾಗಿ ಬಂದು
ಹಸಿರು ಒತ್ತಿ ಹೋದರು. ಅಂದಿನಿಂದ ದಿನವೂ.

ಮೂರು ತಿಂಗಳಿಗೊಮ್ಮೆ ಟ್ರೆಂಟ್ ಬರುತ್ತಾನೆ, ಕೈಯಲ್ಲಿ ತಪಾಸಣೆ ಪಟ್ಟಿ.
“ಶೌಚಾಲಯದಲ್ಲಿ ಸಂಬಂಧಪಡದ ವಸ್ತು: ಒಂದು. ಎರಡು ಅಂಕ ಕಡಿತ.”
ಈಗ ಅವನ ಬಿಳಿ ಕಾರು ತಿರುವಿನಲ್ಲಿ ಕಂಡರೆ
ಝಾರಿ ಕೌಂಟರಿನ ಅಡಿಗೆ,
ಅವನು ಹೋದರೆ ಮೂಲೆಗೆ.
ಒಮ್ಮೆ ಮರಳಿ ಇಡಲು ಮರೆತಳು.
ಆ ಮುಂಜಾನೆ ಕೆಂಪು ಒತ್ತಬಹುದಿತ್ತು.
ಆರು ಜನರಲ್ಲಿ ಯಾರೂ ಏನನ್ನೂ ಒತ್ತಲಿಲ್ಲ.

ಮೊನ್ನೆ ಟ್ರೆಂಟ್ ಫೋನಿನಲ್ಲಿ ಬಣ್ಣದ ಗೀಟುಗಳ ಚಿತ್ರ ತೋರಿಸಿ ಕೇಳಿದ:
“ದಿನಾ ರಾತ್ರಿ ಎರಡು ನಲವತ್ತಕ್ಕೆ ಒಬ್ಬ ಗಿರಾಕಿ.
ಹಸಿರು, ಹಳದಿ, ಕೆಂಪು. ಮತ್ತೆ ಕೆಂಪು, ಹಳದಿ, ಹಸಿರು.
ಹತ್ತು ತಿಂಗಳಿಂದ ಇದೇ ಕತೆ.
ಯಾರವನು? ಅವನಿಗೆ ಏನು ಬೇಕಂತೆ?
ಓಮಾಹಾದ ಕಚೇರಿಯಲ್ಲಿ ಅವನ ಮೇಲೆ ಒಂದು ಮೀಟಿಂಗೇ ಆಯಿತು.”

ಲವಾನ್ ಕನ್ನಡಕ ಸರಿಮಾಡಿಕೊಂಡು ನೋಡಿದಳು.
“ಲಾರಿಯವನಿರಬೇಕು,” ಎಂದಳು.

ಆ ರಾತ್ರಿಯೂ ನೆಲ ಒರೆಸಿ, ಬಕೆಟ್ಟಿನ ನೀರು ಚೆಲ್ಲಿ,
ಬಟ್ಟೆಗೆ ನೀಲಿ ದ್ರಾವಣ ಚಿಮುಕಿಸಿ
ಮೂರು ಮುಖಗಳನ್ನೂ ಒರೆಸಿದಳು,
ಎಡದಿಂದ ಬಲಕ್ಕೊಮ್ಮೆ, ಬಲದಿಂದ ಎಡಕ್ಕೊಮ್ಮೆ.
ಕೆಂಪಿನ ಮೇಲೆ ಓರ್ವಿಲನ ಹೆಬ್ಬೆರಳ ಜಿಡ್ಡು.
ಅಲ್ಲಿ ಕೊಂಚ ಒತ್ತಿ ಉಜ್ಜಬೇಕಾಯಿತು.