ಐದು ಡಬ್ಲ್ಯೂ ನಲವತ್ತು

ಮಸ್ಕತ್ತಿನ ವಾದಿ ಕಬೀರಿನಲ್ಲಿ ಬೆಳಗಿನ ಎಂಟಕ್ಕೇ
ಶಟರ್ ಮುಟ್ಟಿದರೆ ಅಂಗೈ ಚುರ್ರೆನ್ನುತ್ತದೆ.
ಮೂರು ಕಡೆ ಕಪ್ಪು ಬೆಟ್ಟ, ಒಲೆಗುಂಡುಗಳ ಹಾಗೆ;
ನಡುವೆ ನಮ್ಮ ಗ್ಯಾರೇಜು, ಯಾರೋ ಇಟ್ಟು ಮರೆತ ಪಾತ್ರೆ.

ಶಮ್ಸಾ ಬಂದಳು. ಬೂದು ಬಣ್ಣದ ಪುಟ್ಟ ಗಾಡಿ,
ಬಾನೆಟ್ಟಿನಡಿ ಟರ್ಬೊ, ಮುನ್ನೂರು ಕುದುರೆ.
ಕೈಯಲ್ಲಿ ಕಂಪನಿ ಕೊಟ್ಟ ಪುಸ್ತಕ, ಒಂದು ಪುಟ ಮಡಚಿದ್ದು.
"ಇದು ಹೇಳುತ್ತದೆ ಝೀರೋ ಡಬ್ಲ್ಯೂ ಇಪ್ಪತ್ತು.
ಅಣ್ಣ ಹೇಳುತ್ತಾನೆ ಹತ್ತು ಡಬ್ಲ್ಯೂ ಅರವತ್ತು.
ನೀನು ಏನು ಹೇಳುತ್ತಿ, ಉಸ್ತಾದ್?"

ಪುಸ್ತಕಕ್ಕೂ ಅಣ್ಣನಿಗೂ ಎಣ್ಣೆ ಸೀಗೆಕಾಯಿ ಸಂಬಂಧ.
ನಾನೋ, ಇಪ್ಪತ್ತೆರಡು ವರ್ಷ
ಇಂಜಿನ್ನುಗಳ ಕೆಳಗೆ ಅಂಗಾತ ಮಲಗಿದವನು, ಅಷ್ಟೆ.

ಮೊದಲು ಆ ಡಬ್ಲ್ಯೂ.
ಅದು ವಿಂಟರಿನದು. ಎಲ್ಲೋ ಹಿಮ ಬೀಳುವ ಊರಿನ ಚಳಿಗಾಲ
ಡಬ್ಬ ಹತ್ತಿಕೊಂಡು ಇಲ್ಲಿಗೂ ಬಂದಿದೆ,
ನಲವತ್ತೇಳು ಡಿಗ್ರಿಯಲ್ಲಿ ಸ್ವೆಟರು ತೊಟ್ಟು ನಿಂತ ನೆಂಟ.
ಬಯ್ಯಬಾರದು. ರಾತ್ರಿ ತಳಕ್ಕಿಳಿದ ಎಣ್ಣೆ
ಕೀಲಿ ತಿರುವಿದೊಡನೆ ಮೇಲಕ್ಕೋಡಬೇಕಲ್ಲ,
ಆ ಓಟ ಅವನದು.

ಇಪ್ಪತ್ತು ಅಂದರೆ ನೀರುಮಜ್ಜಿಗೆ:
ಪೆಟ್ರೋಲು ಉಳಿಸುವ ತಂಪು ದೇಶದ ಲೆಕ್ಕ.
ಅರವತ್ತು ಅಂದರೆ ಗಂಜಿ:
ಬೆಳಗಿನ ಮೊದಲ ಗುಟುಕು ಸಣ್ಣ ಸಂದಿಗಳಿಗೆ ತಲುಪುವಷ್ಟರಲ್ಲಿ
ಲೋಹ ಲೋಹವನ್ನು ಕಚ್ಚಿರುತ್ತದೆ.
ಟರ್ಬೊದ ಶಾಫ್ಟು ಪೆನ್ಸಿಲ್ಲಿನಷ್ಟು ದಪ್ಪ,
ನಿಮಿಷಕ್ಕೆ ಎರಡು ಲಕ್ಷ ಸುತ್ತು,
ಸುತ್ತಲೂ ಕೂದಲಿಗಿಂತ ತೆಳುವಾದ ಒಂದು ಪೊರೆ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅನ್ನುತ್ತೇವೆ;
ಅಲ್ಲಿ ಎಣ್ಣೆಯೇ ಕಣ್ಣು, ಎಣ್ಣೆಯೇ ಕಾವಲು.

ಬೋಲ್ಟು ಬಿಚ್ಚಿ ಹಳೆಯದನ್ನು ಇಳಿಸಿದೆ.
ಎರಡು ಬೆರಳ ನಡುವೆ ಉಜ್ಜಿ ಮೂಸಿದೆ:
ಪೆಟ್ರೋಲಿನ ನಾತ, ಹಿಂದೆಯೇ ಇನ್ನೊಂದು,
ಹಪ್ಪಳ ಕರಿದು ತೊಳೆಯದೆ ಬಿಟ್ಟ ಬಾಣಲೆಯದು.

ಹೇಗೆ ಓಡಿಸುತ್ತಿ ಎಂದು ಕೇಳಲಿಲ್ಲ.
ನನ್ನ ಮುರುಕು ಅರಬ್ಬಿಯಲ್ಲಿ ಕೇಳಿದೆ:
ಹೇಗೆ ನಿಲ್ಲಿಸುತ್ತಿ?

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.
"ಆಫೀಸು ಮುಗಿಸಿ ಆಮೆರಾತಿನ ಏರು ಹತ್ತುತ್ತೇನೆ.
ನೆತ್ತಿಯಲ್ಲಿ ಪಕ್ಕಕ್ಕೆ ಹಾಕಿ ತಟ್ಟನೆ ಆರಿಸುತ್ತೇನೆ.
ದಿನವಿಡೀ ಫೋನು, ಗಲಾಟೆ.
ಅಲ್ಲಿ ಏನೂ ಇಲ್ಲ. ಅದು ಬೇಕು."

ಅಲ್ಲೇ ಇತ್ತು ಕಾಯಿಲೆ, ಆ ಮೌನದಲ್ಲಿ.
ಏರು ಹತ್ತಿ ಕೆಂಪಗೆ ಕಾದ ಟರ್ಬೊ,
ಒಳಗೆ ಹರಿವು ನಿಂತ ಎರಡು ಚಮಚ ಎಣ್ಣೆ,
ನಿಂತಲ್ಲೇ ಸುಟ್ಟು ಕರಕಲು.
ನೆಮ್ಮದಿ ಬೇಡ ಎನ್ನಲು ನಾನು ಯಾರು?

ಚಾಕೋಗೆ ಕೂಗಿದೆ: ಐದು ಡಬ್ಲ್ಯೂ ನಲವತ್ತು,
ಪೂರ್ತಿ ಸಿಂಥೆಟಿಕ್, ಹಿಂದಿನ ಕಪಾಟಿನದು.
ಮುಚ್ಚಳದ ಉಂಗುರ ಮುರಿಯುವ ಸದ್ದು ಕೇಳಿಸಿದೆ ಅವಳಿಗೆ;
ಈ ಗಲ್ಲಿಯಲ್ಲಿ ನಕಲಿಗೂ ಅಸಲಿಗೂ ಲೇಬಲ್ಲು ಒಂದೇ.
ಜೇನಿನ ಬಣ್ಣ, ಒಂದೇ ಎಳೆಯಾಗಿ ಇಳಿಯಿತು.
ಹದಿನೆಂಟು ರಿಯಾಲು. ಐದು ಸಾವಿರ ಕಿಲೋಮೀಟರಿಗೆ ಮತ್ತೆ ಬಾ,
ಪುಸ್ತಕ ಹದಿನೈದು ಎಂದರೂ.

ಮತ್ತೆ ಒಂದು ನಿಮಿಷ. ಅದಕ್ಕೆ ದುಡ್ಡಿಲ್ಲ.
ನೆತ್ತಿ ಮುಟ್ಟಿದ ಮೇಲೆ ಅದು ತನ್ನಷ್ಟಕ್ಕೆ ಗುನುಗಲಿ,
ಕೈ ಕಟ್ಟಿ ಕೂರು, ಆಮೇಲೆ ಆರಿಸು.
"ಒಂದು ನಿಮಿಷ ಏನು ಮಾಡಲಿ?" ಎಂದಳು.
ಅದು ನನ್ನ ವಿದ್ಯೆಯಲ್ಲ.

ಗುರುವಾರ ರಾತ್ರಿ ಫೋನಿಗೆ ಒಂದು ಧ್ವನಿ ಬಂತು.
ಮಾತಿಲ್ಲ. ಇಂಜಿನ್ನಿನ ಗುನುಗು, ಅರವತ್ತನಾಲ್ಕು ಸೆಕೆಂಡು,
ಒಂದು ಕಡೆ ಕೆಮ್ಮು, ಅವಳದೇ.
ಕೀಲಿ.
ಆಮೇಲೆ ಬಿಸಿ ಲೋಹ ತಣಿಯುವ ಟಿಕ್, ಟಿಕ್,
ದೂರದಲ್ಲೊಂದು ಆಡು.

ಕೈ ಒರೆಸಿಕೊಳ್ಳದೆ ಮತ್ತೊಮ್ಮೆ ಒತ್ತಿದೆ.
ಫೋನಿನ ಗಾಜಿನ ಮೇಲೆ ಹೆಬ್ಬೆಟ್ಟಿನ ಗುರುತು
ಇನ್ನೂ ಹಾಗೇ ಇದೆ.