ಒಪ್ಪೋಲೆ

ಪೇಪರಿನ ಆರನೇ ಪುಟ, ಸಿಮೆಂಟು ಜಾಹೀರಾತಿನ ಕೆಳಗೆ
ಬೆರಳಗಲ ಸುದ್ದಿ:
‘ಹಳೇ ಪುಸ್ತಕದ ವ್ಯಾಪಾರಿ ಕೊಟ್ರಯ್ಯ ನಿಧನ.’
ವಯಸ್ಸು ತಪ್ಪು. ಹುಟ್ಟಿದ ಊರೂ ತಪ್ಪು.
ಅಯ್ನೋರು ಇದ್ದಿದ್ದರೆ ಕೆಂಪು ಶಾಯಿ ಕೇಳುತ್ತಿದ್ದರು.

ನಾನು ದಾವಣಗೆರೆಯಲ್ಲಿ, ಬೇತೂರು ರಸ್ತೆಯಲ್ಲಿ, ರವಿಕೆ ಹೊಲಿಯುವವಳು.
ಒಂದು ಮಧ್ಯಾಹ್ನ ಬಂದು, ಮಡಿಸಿದ ಹಾಳೆಗಳನ್ನು
ಮಿಷನ್ನಿನ ಮೇಲಿಟ್ಟು ಕೇಳಿದರು,
‘ಇದಕ್ಕೊಂದು ಬೆನ್ನು ಹೊಲಿದು ಕೊಡ್ತೀಯೇನವ್ವಾ?’
ಅಳತೆ ಕೇಳಿದೆ. ನಕ್ಕರು.
ಇಪ್ಪತ್ತೆರಡು ವರ್ಷ ಹೊಲಿದೆ.

ಕಾಗದ ಅವರದೇ.
ಮುಚ್ಚಿದ ಮಿಲ್ಲಿನ ಗೋದಾಮಿನಿಂದ ಚಿಂದಿ ತಂದು
ತೊಟ್ಟಿಯಲ್ಲಿ ಕೊಳೆಸಿ, ಕುಟ್ಟಿ, ಜರಡಿಯಲ್ಲೆತ್ತಿ
ಮಾಳಿಗೆಯ ಮೇಲೆ ಹಪ್ಪಳದಂತೆ ಒಣಗಿಸಿದ್ದು.
ಬೆಳಕಿಗೆ ಹಿಡಿದರೆ ಅಲ್ಲೊಂದು ಇಲ್ಲೊಂದು ನೀಲಿ ಎಳೆ:
ಯಾರದೋ ಮೂರನೇ ಪಾಳಿಯ ಅಂಗಿ.

ಮೊಳೆ ಜೋಡಿಸುವವರು ದಾದಾಪೀರ ಸಾಹೇಬರು.
ಅವರ ಗೂಡಿನಲ್ಲಿ ಳಕಾರದ ಒತ್ತು ಮೂರೇ ಮೂರು.
ಹಳ್ಳ, ಬೆಳ್ಳಿ, ಕಳ್ಳ, ಮುಗಿಯಿತು.
ಅದೇ ಪುಟದಲ್ಲಿ ನಾಲ್ಕನೆಯದು ಬಂದರೆ
ಕವಿಗೆ ಕಾರ್ಡು ಹೋಗುತ್ತಿತ್ತು:
‘ಮುಳ್ಳು ಬೇಡಿ. ಬೇರೇನಾದರೂ ಚುಚ್ಚಲಿ.’

ಅಯ್ನೋರು ಮಂಡಕ್ಕಿ ತಿಂದದ್ದು ಹಸಿವಿಗಲ್ಲ,
ಪೊಟ್ಟಣಕ್ಕೆ.
ಒಮ್ಮೆ ಮೆಣಸಿನಕಾಯಿಯ ಎಣ್ಣೆ ಕುಡಿದ ಹಾಳೆಯಲ್ಲಿ
ಒಂದು ಱ ಕಂಡು, ತಿನ್ನುವುದನ್ನು ಬಿಟ್ಟು ಎದ್ದರು.
ಗಾಡಿಯವನಿಂದ ಗುಜರಿಗೆ, ಗುಜರಿಯಿಂದ ಹರಿಹರದ ಬಸ್ಸಿಗೆ,
ಅಲ್ಲಿ ಅಟ್ಟ ಗುಡಿಸುತ್ತಿದ್ದ ಯಾರದೋ ಸೊಸೆ
ಉಳಿದ ನಲವತ್ತು ಹಾಳೆ ಕೊಟ್ಟಳಂತೆ, ಒಂದು ಲೋಟ ಮಜ್ಜಿಗೆಯ ಜತೆ.
ನಾನೇ ಹೊಲಿದೆ ಅದನ್ನೂ.
ಹದಿನೇಳನೇ ಪುಟ ಇವತ್ತಿಗೂ ಎಣ್ಣೆಯದು.
ಎರಡೂ ಮಗ್ಗುಲು ಒಟ್ಟಿಗೇ ಕಾಣುತ್ತವೆ.

ಗಿರಾಕಿ ಬಂದರೆ ಮೊದಲು ಕೈ ತೊಳೆಸುವರು,
ಆಮೇಲೆ ಪುಸ್ತಕ ಬಿಚ್ಚಿ ತೋರಿಸುವರು,
ಆಮೇಲೆ, ಇದು ಮಾರಾಟಕ್ಕಿಲ್ಲ ಎನ್ನುವರು.
ಶಿವಗಂಗಮ್ಮ ಶಾವಿಗೆ ಹೊಸೆದು ಮನೆ ನಡೆಸಿದರು.
ಅದು ಯಾವ ಅರಿಕೆಯಲ್ಲೂ ಅಚ್ಚಾಗಲಿಲ್ಲ.

ನೂರೊಂದು ಪ್ರತಿ, ಪ್ರತಿ ಸಲವೂ.
ನೂರು ಮಾರಲು. ಒಂದು ನನಗೆ.
‘ಓದು, ಹೊಲಿಗೆ ಎಲ್ಲಿ ಬಿಗಿಯಾಯಿತು ಗೊತ್ತಾಗುತ್ತೆ.’
ನಾನು ಓದಿದ್ದು ನಾಲ್ಕನೇ ಕ್ಲಾಸು.
ಅಕ್ಷರ ಕೂಡಿಸಿಕೊಂಡು, ದಾರ ಕಚ್ಚಿಕೊಂಡು, ಓದಿದೆ.
ಕೆಲವು ಚೆನ್ನಾಗಿದ್ದವು.

ಹೋದ ವಾರ ಮೊಳೆಗಳನ್ನೆಲ್ಲ
ಬ್ಯಾಟರಿ ಅಂಗಡಿಯವನು ತೂಕಕ್ಕೆ ಕೊಂಡ.
ಸೀಸ ಸೀಸವೇ, ಅಂದ.
ದಾದಾಪೀರ ಸಾಹೇಬರು ಗೋಡೆಗೆ ಮುಖ ಮಾಡಿ
ಕ್ಯಾಲೆಂಡರು ನೋಡುತ್ತಿದ್ದರು. ಹೋದ ವರ್ಷದ್ದು.
ತಕ್ಕಡಿ ಏರುವ ಮುಂಚೆ ನಾನು ಮೂರನ್ನು ಎತ್ತಿಕೊಂಡೆ.

ಗುಂಡಿ ಡಬ್ಬಿಯಲ್ಲಿವೆ ಈಗ.
ನಿನ್ನೆ ಕೆಲಸ ಕಲಿಯುವ ಹುಡುಗಿ ಹುಕ್ಕು ಹುಡುಕುತ್ತಾ
ಒಂದನ್ನು ಹಿಡಿದು ತಿರುಗಿಸಿ ನೋಡಿ ಕೇಳಿದಳು,
‘ಅಕ್ಕಾ, ಇದನ್ನ ಎಲ್ಲಿಗೆ ಹಾಕೋದು?’

ಕೆಳಗೆ, ಅಂದೆ.
ಇನ್ನೊಂದು ಅಕ್ಷರದ ಕೆಳಗೆ.