ಗಾಳಿ ಬಾಗಲ ಕಾಯುವವ

ಹಟ್ಟಿಯೊಳಗ ನಿನ್ನ ಕೆಲಸ ಏನು ಅಂತ ಕೇಳಿದ್ರ
ಬಾಗಲ ಕಾಯೋದು ಅಂತೀನಿ. ಜನ ನಗ್ತಾರ.
ಬಂಗಾರದ ಗಣಿ, ಕಾವಲು ಬೇಕಲ್ಲಪಾ ಅಂತಾರ.
ಬಂಗಾರ ಅಲ್ಲ,
ನಾ ಕಾಯೋದು ಗಾಳಿ.

ಹದಿನೆಂಟನೇ ಲೆವೆಲ್ಲಿನ್ಯಾಗ ಎರಡು ಬಾಗಲ ಅವ,
ನಡುವ ಒಂದು ಟಬ್ಬು, ಅದನ್ನ ನೂಕೋ ಇಬ್ಬರು
ಹಿಡಿಯೋವಷ್ಟು ಜಾಗ.
ಒಂದು ಮುಚ್ಚಿದ ಮ್ಯಾಲ ಇನ್ನೊಂದು ತೆಗೀಬೇಕು.
ಎರಡೂ ಒಮ್ಮೆಲೆ ತೆಗದ್ರ
ಆಳದಾಗ ಕಲ್ಲು ಕೊರಿಯೋರ ಪಾಲಿನ ಗಾಳಿ
ಅಡ್ಡದಾರಿ ಹಿಡಿದು ಹೋಗಿಬಿಡ್ತದ.
ಇಷ್ಟ ವಿದ್ಯಾ. ಇಪ್ಪತ್ತಾರು ವರ್ಷ.

ಮೊನ್ನೆ ರಾತ್ರಿಪಾಳಿಗೆ ಹೊಂಟಾಗ
ಲ್ಯಾಂಪ್ ರೂಮಿನ ತಾಯಮ್ಮ ಫೋನ್ ಮುಂದ ಹಿಡದಳು:
ನೋಡು ಮೌಲಪ್ಪ, ನಿನ್ನಂಥೋರು ಮ್ಯಾಲೂ ಅದಾರ.
ಭೂಮಿ ಸುತ್ತ ತಿರುಗೋ ಮನಿ. ಅದಕ್ಕೂ ಎರಡು ಬಾಗಲ,
ನಡುವ ಇಬ್ಬರು ಹಿಡಿಯೋ ಗೂಡು.
ಬಿಳೇ ದಿರಿಸಿನ್ಯಾಗ ಒಬ್ಬಾಕಿ, ಜೋಡಿಗೆ ಒಬ್ಬ,
ಹೊರಗ ಯಾವುದೋ ಬೋಲ್ಟ್ ಬಿಗಿಯೋಕ ಹೊಂಟೋರು.
ಹೊಂಟಿಲ್ಲ ಇನ್ನಾ. ಕುಂತಾರ.
ತಾಸುಗಟ್ಟಲೆ ಬರೇ ಉಸಿರಾಡ್ತಾರಂತ.

ಯಾಕ? ಅಂದೆ.
ನೆತ್ತರದಾಗ ಕುಂತ ನೈಟ್ರೋಜನ್ ಎಬ್ಬಿಸಿ ಕಳಸಬೇಕಂತ,
ಇಲ್ಲಾಂದ್ರ ಒತ್ತಡ ಇಳಿದ ಕೂಡ್ಲೆ
ಮೈಯೊಳಗ ಗುಳ್ಳಿ ಏಳ್ತಾವಂತ.
ಕ್ಯಾಂಪಿನ ಖಾಸಿಂ ಹೆಬ್ಬಟ್ಟಿಲೆ ಗೋಲಿ ಒತ್ತಿದಾಗ
ಸೋಡಾ ಬುಸ್ ಅಂತ ಏಳೋದು ನೆನಪಾತು.
ತಿಳೀತು.

ಆಕಿ ಕೈಗವಸು ಆತ ಹಿಡಿದು ನೋಡ್ತಿದ್ದ,
ಬೆರಳ ಸಂದಿ ಸಂದಿ ತಿರುವಿ,
ಬಳೆ ಇಡೋಕ ಮುಂಚೆ ಬಳೆಗಾರ ಕೈ ಹಿಚುಕಿ ನೋಡಿದಂಗ.
ಕೂದಲೆಳಿಯಷ್ಟು ಹರಕು ಸಿಕ್ರೂ ಹೋಗಾಂಗಿಲ್ಲ.
ಸೊಂಟಕ್ಕ ಹಗ್ಗ. ಹಗ್ಗಕ್ಕ ಕೊಂಡಿ. ಕೊಂಡಿ ಜಗ್ಗಿ ಮತ್ತ ಜಗ್ಗಿ.
ಗೂಡಿನ ಗಾಳಿ ಪೂರಾ ಇಳಿಯೋತನಕ
ಹೊರಗಿನ ಬಾಗಲ ಆನಿ ಜಗ್ಗಿದ್ರೂ ಬರಾಂಗಿಲ್ಲ, ಅಂದಳು ತಾಯಮ್ಮ.
ಪುಣ್ಯದ ಬಾಗಲ.
ನಮ್ಮದಕ್ಕ ಅಷ್ಟು ಬುದ್ಧಿ ಇಲ್ಲ.

ಲಾಲಪ್ಪ ಅಂತ ಹೊಸಾ ಹುಡುಗ ಒಬ್ಬ ಬಂದಿದ್ದ,
ಟಬ್ಬು ನಡುವ ಸಿಕ್ಕೊಂಡಿತ್ತು,
ನಾ ಚಾ ಕುಡಿಯೋಕ ಎರಡು ಹೆಜ್ಜಿ ಸರದಿದ್ದೆ.
ಎರಡೂ ತೆಗದ.
ಕಿವಿ ಟಪ್ಪಂತು. ಚಾದ ಲೋಟ ಕೈಯಾಗಿಂದ ಹೋತು.
ಕೆಳಗ ಆಗಷ್ಟ ಮದ್ದು ಸಿಡಿಸಿದ್ರು,
ಹೊರಗ ಹೋಗಬೇಕಾದ ಹೊಗಿ ಅವರ ಮ್ಯಾಲ ತಿರುಗಿತು.
ಯಾರೂ ಸಾಯಲಿಲ್ಲ.
ಏಳು ಮಂದಿ ಕೆಮ್ಮಿಕೋತ ಏರಿ ಬಂದು
ನನ್ನ ಮುಖ ನೋಡಿದ್ರು, ಲಾಲಪ್ಪಂದಲ್ಲ.
ಬೈದಿದ್ರ ಚಲೋ ಇತ್ತು.
ಅವತ್ತಿನಿಂದ ನಾ ಚಾ ಮ್ಯಾಲ ಬಂದ ಕುಡೀತೀನಿ.

ಆ ರಾತ್ರಿ ಕೆಳಗ ಕುಂತು
ನಾನೂ ಉಸಿರು ಎಣಿಸಿದೆ.
ಒಳಗಿನದು ಮುಚ್ಚಿ, ಕಿವಿ ಇಟ್ಟು ಕೇಳಿ, ಹೊರಗಿನದು ತೆಗದು,
ಹನ್ನೆರಡು ಟಬ್ಬು ದಾಟಿಸಿದೆ.
ಹನ್ನೆರಡು ಸಲ ಆಕಿ ನೆನಪಾದಳು.
ಹೆಸರೂ ಗೊತ್ತಿಲ್ಲ.

ನಸುಕಿನ್ಯಾಗ ಮೂರು ಗಂಟಿ ಬಡೀತು,
ಮೂರು ಅಂದ್ರ ಕೇಜಿನ್ಯಾಗ ಮನುಷ್ಯರು.
ಮ್ಯಾಲ ಬಂದ್ರ ಥಂಡಿ, ಬೂದಿಬಣ್ಣದ ಮಣ್ಣಿನ ದಿಬ್ಬ,
ಲಿಂಗಸೂಗೂರಿನ ಮೊದಲ ಬಸ್ಸಿನ ದೀಪ.
ತಾಯಮ್ಮ ಹೇಳಿದ್ದ ಹೊತ್ತಿಗೆ ಬಂತು ಅದು,
ಮಿನುಗಲಿಲ್ಲ, ಸಪ್ಪಳಿಲ್ಲ,
ಹೆಡ್‌ಲ್ಯಾಂಪ್ ಕಟ್ಟಿಕೊಂಡು ಯಾರೋ ಸುರಂಗದಾಗ
ದೂರದಿಂದ ನಡದು ಬಂದಂಗ.

ಬಿಲ್ಲೆ ಹಾಕೋ ಮೌಲಪ್ಪ, ಅಂತ ಕೂಗಿದಳು ಕಿಟಕಿಯಿಂದ.
ಹಿತ್ತಾಳಿ ಬಿಲ್ಲೆ ಬೋರ್ಡಿಗೆ ಬೀಳೋತನಕ
ಲೆಕ್ಕದಾಗ ನಾ ಇನ್ನಾ ಕೆಳಗ.
ಮುಷ್ಟಿಯೊಳಗ ಅದು ಬೆಚ್ಚಗಿತ್ತು.
ತಡಿಯವ್ವ, ಅಂದೆ. ಅವರಿಬ್ಬರು ಒಳಗ ಬಂದ್ರೋ ಇಲ್ಲೋ.

ಆಕಿ ಗಡಿಯಾರ ನೋಡಿ ಬರಕೊಂಡಳು:
ಮೌಲಪ್ಪ, ಐದು ಹದಿನೇಳು, ತಡ.